ಮುತ್ಯಾನ ನಕಲ

…ಅಲ್ಲ, ಇಷ್ಟೊತ್ತಿಗೆ ನೀ ನಗಬೇಕಿತ್ತು. ಈ ಭುಜ ಹಾರಿಸಿ, ಕೊರಳ ಒಂದ್ ಕಡಿ ವಾಲಿಸಿ, ಹತ್ತೂ ಬೆರಳ ಪೇಟಿ ಬಾರಿಸಿದಂಗ ಆಡಸ್ತೀನಲ್ಲ, ಇದಕ್ಕ ಇಡೀ ಕುರನೂರ ನಗತೈತಿ. ನಿಮ್ಮ ಮುತ್ಯಾ ಮೈಲಾರಲಿಂಗನ ನಕಲ ಮಾಡೋದ್ರಾಗ ಈ ಖಂಡಪ್ಪನ ಸರಿ ಯಾರೂ ಇಲ್ಲ ಅಂತ ಊರ ಒಪ್ಪೈತಿ. ಸಣ್ಣಾಕಿ ಇದ್ದಾಗ ನೀ ಭುಜ ಹಾರೂದ್ರೊಳಗ ನಗತಿದ್ದಿ. ಮತ್ತೊಮ್ಮಿ ಮಾಡ್ಲೇನು? ಬ್ಯಾಡ? ಬಿಡು.

ಬಂದು ಅರ್ಧ ತಾಸಾತು. ಬಾಗಲದಾಗ ‘ಅಪ್ಪಾ’ ಅಂದಿ, ಚಪ್ಪಲಿ ಬಿಟ್ಟಿ, ಅಂಗಳದ ಬೇವಿನ ಕೆಳಗ ಈ ಕಂಬಳಿ ಮ್ಯಾಲ ಕುಂತಿ, ಆ ಪಿಶಿವಿ ತೊಡಿ ಮ್ಯಾಲ ಇಟ್ಟಗೊಂಡಿ. ಮುಗೀತು. ತವರಮನಿಗೆ ಬಂದ ಮಗಳು ಪಿಶಿವಿ ಮೂಲ್ಯಾಗ ಒಗದು, ನೇರ ಒಳಗ ಹೋಗಿ, ಭಾಕ್ರಿ ಬುಟ್ಟಿ ತಗದ ನೋಡ್ತಾಳ. ನೀ ಕೋರ್ಟಿಗೆ ಬಂದಂಗ ಬಂದೀದಿ. ನೋಡ್ ಸಪ್ನಾ, ಮಂದೀಗೆ ಮಜಾಕ ಮಾಡ್ಕೋತನೇ ಐವತ್ತರ ಹತ್ರ ಬಂದಾಂವ ನಾ. ಯಾರರೆ ನನಗ ಮಜಾಕ ಮಾಡಾಕ ನಿಂತ್ರ ಮೊದಲ ನನ್ನ ಮೂಗಿಗೆ ವಾಸನಿ ಬರತೈತಿ. ಈಗ ಬರಾಕತ್ತೈತಿ.

ಮೊದಲನೇ ಸಂಶಯ, ನಿಮ್ಮವ್ವ. ಚಂದ್ರಭಾಗಾ ಇವತ್ತ ಮುಂಜಾನಿ ಎದ್ದು, ಅಕ್ಕಲಕೋಟಿಗೆ ಹೋಗಿ ಸ್ವಾಮಿ ದರ್ಶನ ಮಾಡ್ಕೊಂಡ ಬರ್ತೀನಿ, ನೀವ ಮನಿ ಕಡಿ ಇರ್ರಿ ಅಂದ್ಳು. ಇಪ್ಪತ್ತೈದ ವರ್ಷದಾಗ ಆಕಿ ಒಬ್ಬಾಕೇ ಅಕ್ಕಲಕೋಟಿಗೆ ಹೋದದ್ದು ನಾ ನೋಡಿಲ್ಲ. ಆಕಿ ಹತ್ತಿದ ಎಸ್‌ಟಿ ಆ ಕಡಿ ಹೋತು, ನೀ ಕುಂತ ಎಸ್‌ಟಿ ಈ ಕಡಿ ಬಂತು. ಡ್ಯಾಮಿನ ತಿರುವಿನ್ಯಾಗ ಎರಡೂ ಬಸ್ಸು ಒಂದಕ್ಕೊಂದ ಹಾರ್ನ್ ಹೊಡದಿರಬೇಕು, ನೀ ಹೋಗು, ನಾ ನೋಡ್ಕೋತೀನಿ ಅಂತ. ಫೋನಿನ್ಯಾಗ ಅವ್ವ-ಮಗಳು ಏನ ಮಾತಾಡಿದ್ರಿ? ಹೇಳಂಗಿಲ್ಲ. ಹೂಂ.

ಎರಡನೇದು. ದಾರ್ಯಾಗ ಕಲ್ಯಾಣಪ್ಪ ಸಿಕ್ಕಿದ್ನೇನು? ಸುಮ್ನ ಕೇಳಿದೆ. ಹಂಗ್ಯಾಕ ನೋಡ್ತಿ? ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತಿರ್ತಾನಲ್ಲ, ಅದಕ್ಕ ಕೇಳಿದೆ. ಸಿಕ್ಕಿದ್ರೂ ಅಡ್ಡಿ ಇಲ್ಲ. ಅವಾ ಏನರೆ ಅಂದಿದ್ರ ನಂಬಬ್ಯಾಡ, ಅಷ್ಟ. ನನ್ನ ಜೀವದ ಗೆಳ್ಯಾ ಖರೆ, ಆದ್ರ ನನಗ ಸುಳ್ಳ ಹೇಳೂದ ಕಲಿಸಿದಾಂವ ಅವನೇ. ಇಲ್ಲಾ, ಅವಗ ನಾ ಕಲಿಸಿದ್ನೋ. ಇಬ್ರಾಗ ಯಾರೋ ಒಬ್ರು.

ಚಾ ಕುಡಿ, ಆರಾಕತ್ತೈತಿ. ಮತ್ತ ನನ್ನ ಕಪ್ಪಿನ ಕಡಿ ನೋಡ್ತಿ. ನಿನಗ ತುಂಬ ಹಾಕಿ ನನಗ ಅರ್ಧ ಹಾಕ್ಕೊಂಡೀನಿ ಅಂತಲ್ಲ? ಸಕ್ಕರಿ ಬ್ಯಾನಿ ಬಂದೈತಿ ನನಗ. ಹೂಂ, ಹೋದ ವಾರ ಹೇಳಿದ್ರು. ಹಂಗಾರ ಈಗ ನನ್ನ ಕಣ್ಣ ಮುಂದ ಎರಡ ಚಮಚ ಹಾಕ್ಕೊಂಡ್ಯಲ್ಲ ಅಂತ ಕಣ್ಣಾಗ ಕೇಳಾಕತ್ತಿ. ಎರಡ ಚಮಚ ನಡೀತೈತಿ ಅಂದಾರ. ಮೂರ ಹಾಕ್ಕೋಬಾರದು. ನೀ ಕೈ ನೋಡಬ್ಯಾಡ, ಮಾರಿ ನೋಡಿ ಮಾತಾಡು. ಮಾತಾಡಂತೂ ಮಾತಾಡವಲ್ಲಿ, ಮಾರೀನರೆ ನೋಡು.

ಮುತ್ಯಾನ್ನ ನೀ ನೋಡಿಲ್ಲ. ನೀ ಹುಟ್ಟೂದ್ರೊಳಗ ಹೋಗಿದ್ದ. ನನ್ನ ನಕಲ ನೋಡಿ ನೋಡಿ ಅವನ್ನೇ ನೋಡಿದಂಗ ಆಗೈತಿ ನಿನಗ. ಅವಗ ಶುರುವಾದಾಗ ನಲವತ್ತೆರಡ ವರ್ಷ. ಮೊದಲ ಬೆರಳು. ಕುರಿ ಉಣ್ಣಿ ಕತ್ತರಸುವಾಗ ಕತ್ತರಿ ತಾನೇ ಜಿಗೀತಿತ್ತು, ಕುರಿ ಕಿಂವಿಗೆ ಬಡೀತಿತ್ತು. ಆಮ್ಯಾಲ ಭುಜ. ಆಮ್ಯಾಲ ಮಾರಿ. ನಡದ್ರ ಕುಣದಂಗ ಕಾಣಸ್ತಿತ್ತು. ನಮ್ಮ ಮಂದಿ ಏನ ತಿಳ್ಕೋಬೇಕು? ಬೀರೋಬಾ ಮೈಯಾಗ ಬಂದಾನ ಅಂದ್ರು. ಇವರಪ್ಪಗೂ ಇದೇ ವಯಸ್ಸಿಗೆ ಬಂದಿದ್ದ, ಈಗ ಇವನ ಪಾಳೆ, ದೇವರು ಈ ಮನಿತನಾನ ಆರಿಸ್ಯಾನ ಅಂದ್ರು. ಅರಿಷಿಣದ ಭಂಡಾರ ಹಾರಿಸಿದ್ರು, ಕಾಲ ಬಿದ್ರು, ಗಬ್ಬಾದ ಕುರಿ ಎಳಕೊಂಡ ಬಂದು ಎಷ್ಟ ಮರಿ ಹಾಕತೈತಿ ಹೇಳು ಅಂದ್ರು. ಬ್ಯಾರೆಯವರ ಮೈಯಾಗ ದೇವರು ಅಮಾಸಿಗೆ ಬರ್ತಾನ, ಡೊಳ್ಳ ನಿಂತಕೂಡ್ಲೇ ಹೋಗ್ತಾನ. ನಮ್ಮಪ್ಪನ ಮೈಯಾಗಿಂದ ಡೊಳ್ಳ ನಿಂತ್ರೂ ಹೋಗಲಿಲ್ಲ. ಉಣ್ಣುವಾಗೂ ಇದ್ದ, ಹೇಲಾಕ ಕುಂತಾಗೂ ಇದ್ದ. ಅದಕ್ಕ ಒಬ್ರೂ ಸಂಶಯ ಪಡಲಿಲ್ಲ, ನೋಡವಾ. ನಮ್ಮಷ್ಟ ಸಂಶಯದ ಮಂದಿ ಬ್ಯಾರೆ ಯಾರದಾರ? ಒಂದ ಟಗರ ತರಬೇಕಂದ್ರ ಹಲ್ಲ ಎಣಸ್ತೀವಿ, ಅದರ ಅವ್ವ ಯಾವುದು, ಅಪ್ಪ ಯಾವುದು, ಅಪ್ಪನ ಕಾಲ ಹೆಂಗಿದ್ವು ಅಂತ ಮೂರ ಊರ ತಿರಗತೀವಿ. ಎರಡ ಮರಿ ಕಾಲ ಸೊಟ್ಟ ಬಂದ್ರ ಆ ಟಗರನ್ನ ಅವತ್ತೇ ಹಿಂಡಿನಿಂದ ತಗದಬಿಡ್ತೀವಿ. ಆದ್ರ ಅಜ್ಜ ನಡುಗಿ, ಅಪ್ಪ ನಡುಗಿದ್ರ… ದೇವರು ಅಂದ್ವಿ.

ನಾ ನಕಲ ಶುರು ಮಾಡಿದ್ದು ಹದಿನೈದನೇ ವರ್ಷಕ್ಕ. ಮೊದಲ ನಕ್ಕಾಂವ ಅವನೇ, ನಮ್ಮಪ್ಪ. ಅವ ನಗೂದು ನಾ ನಡುಗೂದು, ನಾ ನಗೂದು ಅವ ನಡುಗೂದು. ಒಮ್ಮಿ ಸೋಲಾಪುರಕ್ಕ ಹೋಗುವಾಗ ಬಸ್ಸಿನ್ಯಾಗ ಜಾಗಾ ಇರಲಿಲ್ಲ. ನಾ ಬಾಗಲದಾಗ ನಿಂತು ಭುಜ ಹಾರಿಸಿದೆ. ಕಂಡಕ್ಟರ ತನ್ನ ಸೀಟ ಬಿಟ್ಟಕೊಟ್ಟು, ಕೈ ಮುಗದು, ಮಗಳ ಲಗ್ನ ಯಾವಾಗ ಆಗತೈತಿ ಹೇಳ್ರಿ ದೇವರ ಅಂದ. ಮುಂದಿನ ದೀಪಾವಳಿ ಅಂದೆ. ಆಯ್ತಂತ. ಪೇಢೆ ತಂದಕೊಟ್ಟ. ಇದೊಂದ ನಂಬಬಹುದು ನೀ, ಇದ ಖರೆ. ಪೇಢೆ ಅಷ್ಟ ಸುಳ್ಳು.

ನಗಲಿಲ್ಲ. ಸರಿ.

ಮತ್ತ ಅಮೃತಪ್ಪ, ನಿಮ್ಮ ದೊಡ್ಡಪ್ಪ. ಅಣ್ಣನ ಕೈಯಾಗ ಕತ್ತರಿ ಜಿಗ್ಯಾಕ ಶುರುವಾದಾಗ ಊರ ಮತ್ತ ಭಂಡಾರದ ಚೀಲ ತಗೊಂಡ ಬಂತು. ನೀ ಅಡ್ಡ ನಿಂತಿ. ನರ್ಸಿಂಗ್ ಕಲಿಯಾಕತ್ತಿದ್ದಿ, ದೇವರಾಗ್ಲಿ ದೆವ್ವಾಗ್ಲಿ ಮೊದಲ ಡಾಕ್ಟರಿಗೆ ತೋರಸೂಣು ಅಂತ ಸೋಲಾಪುರಕ್ಕ ಕರಕೊಂಡ ಹೋದಿ. ಆ ಡಾಕ್ಟರೀಣಬಾಯಿ ಎಷ್ಟ ಸಣ್ಣವರು, ಆದ್ರ ಎಷ್ಟ ತಾಳ್ಮಿಯಿಂದ ಹೇಳಿದ್ರು. ಹಂಟಿಂಗ್ಟನ್ ಅಂತ ಯಾವನೋ ಗೋರ್ಯಾನ ಹೆಸರ ಈ ಬ್ಯಾನಿಗೆ. ಮನಶ್ಯಾನ ಮೈಯಾಗಿನ ಕಣ ಕಣದಾಗೂ ಇಪ್ಪತ್ತಮೂರ ಜೋಡಿ ವರ್ಣತಂತು ಇರ್ತಾವ, ಒಂದ ಎಳಿ ಅಪ್ಪಂದು, ಒಂದ ಎಳಿ ಅವ್ವಂದು. ನಾಲ್ಕನೇ ಜೋಡ್ಯಾಗ ಒಂದ ಕಡಿ ಮೂರಕ್ಷರದ ಒಂದ ಮಾತ ಐತಿ. ಮಂದೀಗೆ ಅದು ಹದಿನೇಳ ಸಲ, ಇಪ್ಪತ್ತ ಸಲ ಬರ್ತೈತಿ. ನಲವತ್ತ ದಾಟಿ ಬಂತಂದ್ರ ಮೆದುಳ ಒಳಗಿಂದೊಳಗ ಸವೀತೈತಿ. ಅಣ್ಣಂದು ನಲವತ್ನಾಲ್ಕ.

ಅಣ್ಣಗ ತಿಳೀಲಿಲ್ಲ, ನನಗ ತಿಳೀತು. ಯಾಕಂದ್ರ ಲಗ್ನಕ್ಕಿಂತ ಮೊದಲ ನಾ ಆರ ವರ್ಷ ಸೋಲಾಪುರದಾಗ ಚಾದರದ ಕಾರಖಾನಿಯೊಳಗ ಮಗ್ಗದ ಮ್ಯಾಲ ಇದ್ದಾಂವ. ಅಲ್ಲಿ ರಟ್ಟಿನ ಪಟ್ಟಿಗೆ ತೂತ ಹೊಡದು ಮಾಲಿಯಂಗ ಮಗ್ಗದ ತಲಿ ಮ್ಯಾಲ ಹಾಕಿರ್ತಾರ, ಆ ತೂತ ಹೇಳಿದಂಗ ಚಾದರದಾಗ ಹೂ ಬೀಳತೈತಿ. ಒಂದೇ ಪಟ್ಟಿ ಮತ್ತ ಮತ್ತ ಪೋಣಿಸಿ ಬಿಟ್ರಂದ್ರ ಮೊದಲಿಗೆ ಏನೂ ಗೊತ್ತಾಗಂಗಿಲ್ಲ. ಚಾದರ ಚಂದನೇ ಬರ್ತೈತಿ. ಎಷ್ಟೋ ಮೊಳ ನೇದ ಮ್ಯಾಲ ಹೂವಿನ ಮಾರಿ ಸೊಟ್ಟಾಗೂದ ಕಾಣಸ್ತೈತಿ. ಆವಾಗ ಮಗ್ಗಕ್ಕ ಬೈದ್ರ ಏನ ಬಂತು, ತಪ್ಪ ಪಟ್ಟ್ಯಾಗ ಐತಿ.

ಅಪ್ಪಗ ಇದ್ರ ಒಂದೊಂದ ಮಗೂಗೂ ಅರ್ಧಕ್ಕರ್ಧ ಬರಬಹುದು ಅಂದ್ರು ಡಾಕ್ಟರೀಣಬಾಯಿ. ನಾ ಅಂದೆ, ನಾವಿಬ್ರ ಅಣ್ಣತಮ್ಮರು, ಅಣ್ಣಗ ಬಂತು, ಅಂದ್ರ ನನ್ನ ಪಾಲಿಂದೂ ಅವನೇ ಹೊತಗೊಂಡಂಗಾತಲ್ಲ? ಡಾಕ್ಟರೀಣಬಾಯಿ ನಗಲಿಲ್ಲ. ನೀನೂ ನಗಲಿಲ್ಲ, ಅವತ್ತೂ. ಹಂಗಲ್ಲ ಕಾಕಾ, ಪ್ರತಿ ಮಗೂಗೂ ನಾಣ್ಯ ಹೊಸದಾಗಿ ಹಾರತೈತಿ ಅಂದ್ರು. ನೀವೂ ತಪಾಸಣಿ ಮಾಡಸ್ಕೋಬಹುದು, ಬ್ಯಾಡ ಅಂದ್ರ ಬ್ಯಾಡ, ಯಾರದೂ ಬಲವಂತ ಇಲ್ಲ. ನಿಮಗ ಇಲ್ಲ ಅಂತಾದ್ರ ಅದು ನಿಮ್ಮಲ್ಲಿಗೇ ಕಡೀತು, ಮಗಳಿಗೂ ಇಲ್ಲ, ಮಗಳ ಮಕ್ಕಳಿಗೂ ಇಲ್ಲ ಅಂದ್ರು.

ಬ್ಯಾಡ ಅಂತನೇ ಇದ್ದೆ ನಾ. ನಿನ್ನ ಸೋಯರಿಕಿ ಬಂತು. ಸೋಲಾಪುರದಾಗಿನ ವಿಜಾಪುರ ರಸ್ತಾದ ಮಂದಿ, ಚಲೋ ಹುಡುಗ ಶೈಲೇಶ, ನಿನಗೂ ಮನಸಿತ್ತು. ಅವರಪ್ಪ ಇಲ್ಲಿಗೆ ಬಂದಾಗ ಅಮೃತಪ್ಪ ಅಂಗಳದಾಗ ಕುಂತು ಭಾಕ್ರಿ ತಿನ್ನಾಕತ್ತಿದ್ದ. ಅರ್ಧ ಬಾಯಿಗೆ, ಅರ್ಧ ಎದಿ ಮ್ಯಾಲ. ಅವರು ನೋಡಿದ್ರು, ಏನೂ ಅನಲಿಲ್ಲ. ಎಂಟ ದಿನ ಬಿಟ್ಟು ಹೇಳಿ ಕಳಿಸಿದ್ರು, ಹುಡುಗಿ ಅಪ್ಪಂದು ತಪಾಸಣಿ ಆಗ್ಲಿ, ಆಮ್ಯಾಲ ಸುಪಾರಿ ಒಡದು ಲಗ್ನ ಗಟ್ಟಿ ಮಾಡೂಣು. ತಪ್ಪೇನಿಲ್ಲ ಅವರದು. ಟಗರ ಕೊಳ್ಳಾಂವ ನಾನೂ ಹಂಗೇ ಕೇಳ್ತಿದ್ದೆ.

ಹೋದೆ. ಕಲ್ಯಾಣಪ್ಪನ್ನ ಜೋಡಿಗೆ ಕರಕೊಂಡೆ. ರಕ್ತ ತಗೊಳ್ಳೋ ಖೋಲ್ಯಾಗ ಆಧಾರ ಕಾರ್ಡ ಕೇಳಿದ್ರು, ಕೊಟ್ಟೆ. ಎಡಗೈ ಚಾಚಿದೆ. ಆ ಹುಡುಗಿ ಸೂಜಿ ತಗದ್ಲು, ನಾ ಕಣ್ಣ ಮುಚ್ಚಿದೆ, ಅಳಾಕ ಶುರು ಮಾಡಿದೆ. ಆಕಿ ಕೈ ಹಿಡಕೊಂಡು ಅತ್ತೆ ಅಂದ್ರ ನೋಡು, ಹೊರಗ ಕುಂತವರೆಲ್ಲಾ ಎದ್ದ ಬಂದ್ರು…

ಏನು? ಯಾಕ ಹುಬ್ಬ ಏರಸ್ತಿ? ನಿನ್ನ ಲಗ್ನದಾಗ ಬಲಗೈ ಅಂತ ಹೇಳಿದ್ನೇನು? ಹಂಗಾರ ಬಲಗೈ. ಎಡಗೈಯಾಗ ನರ ಸಿಗಲಿಲ್ಲ, ಬಲಗೈಗೆ ಚುಚ್ಚಿದ್ಲು. ಏನವಾ ವಕೀಲ್ಕಿ ಇದು. ಎರಡ ವರ್ಷ ಆತು, ಯಾವ ಕೈ ಅಂತ ಯಾರ ನೆಪ್ಪ ಇಡ್ತಾರ. ಹೌದು, ಕುರಿಗೆ ದಿನಾ ನಾನೇ ಸೂಜಿ ಹಾಕ್ತೀನಿ. ಹೌದು, ನಾಯಿ ಕಡದಾಗ ಐದ ಸೂಜಿ ನಕ್ಕೋತ ತಗೊಂಡೀನಿ. ಅದಕ್ಕ? ಮನಶ್ಯಾ ಒಮ್ಮಿ ಅಳಬಾರದೇನು? ರಿಪೋರ್ಟ ಬಂತು, ಎರಡೂ ಎಳಿ ಚೊಕ್ಕ ಅಂತ ಬಂತು, ಸುಪಾರಿ ಒಡದ್ರು, ನಿನ್ನ ಲಗ್ನಾತು. ಅದರ ಮ್ಯಾಲ ಇನ್ನೇನ ಬೇಕು ನಿನಗ?

ನಾ ನೂತ ಆ ನೂಲಿನ ಉಂಡಿ ಕೆಳಗಿಡು.

ಅದು… ಈ ವರ್ಷದ ಉಣ್ಣಿ ಚಲೋ ಇಲ್ಲ. ಬಿರಸ ಐತಿ. ಉಂಡಿ ಬಿಚ್ಚಿ ಬೆರಳಾಗ ಎಳದ ಏನ ನೋಡ್ತಿ ನೀ? ಹೌದು, ಅಲ್ಲಲ್ಲಿ ಗಂಟ ಬಿದ್ದೈತಿ, ಅಲ್ಲಲ್ಲಿ ಕೂದಲೆಳಿಯಂಗ ಸಣ್ಣ ಆಗೈತಿ. ಹಿಂದಕಿನ ಉಂಡಿ ನಿಮ್ಮವ್ವನ ಹಂತ್ಯಾಕ ಅದಾವ, ಅವನ್ನ ನೋಡು, ತಕಲಿ ತಿರುವಿ ಕುರನೂರ ಡ್ಯಾಮಿನಿಂದ ಅಕ್ಕಲಕೋಟಿಗೆ ನಡದ್ರೂ ನನ್ನ ಎಳಿ ಒಂದೇ ಸಮ ಬರ್ತಿತ್ತು. ನೋಡೀದಿ? ಅವ್ವ ಫೋಟೋ ಕಳಿಸಿದ್ಲೇನು? ಅಂದ್ರ ಆಕಿನೂ ಉಂಡಿ ಬಿಚ್ಚಿ ಬಿಚ್ಚಿ ನೋಡ್ಯಾಳ. ನನ್ನ ಮನ್ಯಾಗ ನನಗೇ ಪೋಲೀಸರು.

ಹಂಗಾರ ಮೂರನೇ ಸಂಶಯ ಖರೆ ಆತು. ಆ ಪಿಶಿವ್ಯಾಗ ದವಾಖಾನಿ ಕಾಗದ ಐತಿ. ನನ್ನ ಮತ್ತ ಒಯ್ಯಾಕ ಬಂದೀದಿ. ಕೊಡಿಲ್ಲಿ. ಕೊಡು ಅಂದೆ. ಮಗಳಾಗಿ ಅಪ್ಪನ ಜೋಡಿ ಜಗ್ಗಾಡಬ್ಯಾಡ, ಕೊಡು.

ಇದ… ಇದೇನ ಕಾರ್ಡ? ಮಾತಾ-ಬಾಲ… ಮರಾಠಿ ಓದಾಕ ಬರ್ತೈತಿ ನನಗ, ತಡಿ. ಮಾತಾ-ಬಾಲ ಸುರಕ್ಷಾ. ಹೆಸರು, ಸಪ್ನಾ ಶೈಲೇಶ. ಹತ್ತನೇ ವಾರ.

ಯವ್ವಾ.

ಇದನ್ನ ಹೇಳಾಕ ಬಂದು ಅರ್ಧ ತಾಸ ಬಾಯಿ ಕಟ್ಟಿ ಕುಂತ್ಯೇನ ನನ್ನವ್ವಾ? ನಾ ಅಜ್ಜ ಆದೆ. ಊರಿಗೆಲ್ಲಾ ಸಕ್ಕರಿ ಹಂಚತೀನಿ ಇವತ್ತ. ಸಕ್ಕರಿ ಬ್ಯಾನಿ ಸುಳ್ಳು, ಅದ ನಿನಗ ಗೊತ್ತೇ ಐತಿ. ಒಂದ ಗುಟುಕ ಚಾ ಯಾಕ ಕುಡೀಲಿಲ್ಲ ಅಂತ ಈಗ ತಿಳೀತು, ವಾಂತಿ ಬರತಿರಬೇಕು. ನಿಮ್ಮವ್ವಗೂ ಹಂಗೇ ಆಗತಿತ್ತು. ಮತ್ತ ಯಾಕ ನಗವಲ್ಲಿ ನೀ? ಇದಕ್ಕೂ ನಗಬಾರದೇನು?

ಕಾರ್ಡಿನ ಹಿಂದ ಇದೇನ ಪಿನ್ ಹಚ್ಚೀದಿ. ನನ್ನ ರಿಪೋರ್ಟಿನ ಝೆರಾಕ್ಸ. ಖಂಡಪ್ಪ ಮೈಲಾರಲಿಂಗ. ಹದಿನೇಳು, ಹತ್ತೊಂಬತ್ತು. ಇದರ ಮುಂದ ಪೆನ್ನಿನ್ಯಾಗ ಪ್ರಶ್ನಾರ್ಥಕ ಹಾಕಿದಾಕಿ ನೀನೇ? ಡಾಕ್ಟರೀಣಬಾಯಿ ಇದನ್ನ ನೋಡಿ ಏನಂದ್ರು? ಅಪ್ಪಂದು ಚೊಕ್ಕ ಐತಿ, ನಿಂದೂ ಕೂಸಿಂದೂ ತಪಾಸಣಿ ಬ್ಯಾಡ, ಆರಾಮ ಇರು ಅಂದಿರಬೇಕು. ಅಂದ್ರಲ್ಲ? ಅವರು ಆರಾಮ ಇರು ಅಂದ ಮ್ಯಾಲ ನೀ ಅಲ್ಲಿಂದ ಇಲ್ಲಿಗೆ ಯಾಕ ಬಂದಿ? ಡಾಕ್ಟರಿನ್ನ ನಂಬಾಕಿ ನೀ, ಕಾಗದಾ ನಂಬಾಕಿ ನೀ.

ಎದ್ದ್ಯಾಕ? ಸಪ್ನಾ, ಒಳಗ ಏನ ಐತಿ… ಆ ದೇವರ ಮಾಡದಾಗ ಯಾಕ ಕೈ ಹಾಕ್ತಿ? ಅದ ಭಂಡಾರದ ಬಟ್ಟಲ, ಮುತ್ಯಾಂದು. ಅದನ್ನ ಹೊರಗ ತರಬ್ಯಾಡ. ತರಬ್ಯಾಡ ಅಂದೆ.

ನೋಡವಾ, ಆಟ ಸಾಕು. ನಾ ತಲಾಠಿ ಮುಂದ ಸುಳ್ಳ ಹೇಳೀನಿ, ಪೋಲೀಸರ ಮುಂದ ಹೇಳೀನಿ, ನಿಮ್ಮವ್ವಗ ದಿನಾ ಹೇಳ್ತೀನಿ. ಭಂಡಾರ ಹಿಡದು ಹೇಳಿಲ್ಲ. ಅಂಗೈಯಾಗ ಬೀರೋಬಾನ ಭಂಡಾರ ಹಾಕಿದ ಮ್ಯಾಲ ಮುಷ್ಟಿ ಮುಚ್ಚಂಗಿಲ್ಲ, ಆಡೋ ಮಾತು ಮುಗಿಯೂತನಕ ಒಂದ ಚಿಟಿಕಿ ಕೆಳಗ ಬೀಳಬಾರದು. ಗೊತ್ತಿದ್ದೇ ತಂದೀದಿ. ನರ್ಸಿಂಗ್ ಕಲತಾಕಿ, ದೇವರನ್ನ ನಂಬಂಗಿಲ್ಲ ಅಂತಿದ್ದಿ, ಈಗ ಭಂಡಾರ ಹಿಡದ ನಿಂತೀದಿ. ನನ್ನ ಮ್ಯಾಲ ನನ್ನ ಹತ್ಯಾರನೇ.

ಹಾಕು ಹಂಗಾರ. ಈ ಕೈಗೆ. ಹಾಕು.

ಹೂಂ. ಹಾಕೀದಿ. ಈಗ ಹೇಳ್ತೀನಿ ಕೇಳು. ಬೀರೋಬಾನ ಆಣಿ ಮಾಡಿ ಹೇಳ್ತೀನಿ, ಆ ರಿಪೋರ್ಟ…

ಆ ರಿಪೋರ್ಟ…

ಗಾಳಿ ಐತಿ ಇಲ್ಲಿ. ಅದಕ್ಕ ಹಾರತೈತಿ. ಬೇವಿನ ಎಲಿ ಅಲಗಾಡವಲ್ದು ಅಂತ ಮ್ಯಾಲ ನೋಡಬ್ಯಾಡ ನೀ. ಇದ ಮುತ್ಯಾನ ನಕಲ, ಇನ್ನೊಮ್ಮಿ ಮಾಡಿ ತೋರಸಾಕತ್ತೀನಿ. ಬೆರಳ ನೋಡು, ಥೇಟ ಪೇಟಿ ಬಾರಿಸಿದಂಗ. ನಗು. ನಿನ್ನ ಕಾರ್ಡಿನ ಮ್ಯಾಲೆಲ್ಲಾ ಹಳದಿ ಆತು. ನಗವಾ ಸಪ್ನಾ. ನೀ ನಕ್ಕರ ಇದ ನಕಲ ಆಗತೈತಿ. ನೀ ಸುಮ್ನ ನಿಂತ್ರ…

ನಾ ಮಾಡಾಕತ್ತಿಲ್ಲ ಇದನ್ನ. ತಾನೇ ಆಗಾಕತ್ತೈತಿ.

ಅವತ್ತ ಅತ್ತಾಂವ ಕಲ್ಯಾಣಪ್ಪ. ಮೂರ ಮಕ್ಕಳ ಅಪ್ಪ, ಆ ಹುಡುಗಿ ಕೈ ಹಿಡಕೊಂಡು ಕೂಸಿನಂಗ ಅತ್ತ. ನನ್ನ ಪಟಕಾ ಸುತಗೊಂಡಿದ್ದ, ನನ್ನ ಆಧಾರ ಕಾರ್ಡ ಕೈಯಾಗಿತ್ತು. ಆ ಕಾರ್ಡಿನ ಫೋಟೋದಾಗ ನನ್ನ ಗುರ್ತ ನನಗೇ ಸಿಗಂಗಿಲ್ಲ, ಅವರಿಗೆ ಹೆಂಗ ಸಿಗಬೇಕು. ನಾ ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ. ಹೊರಗ ಬಂದು ಇಬ್ರೂ ಶೇಂಗಾ ಚಟ್ನಿ, ಕಡಕ ಭಾಕ್ರಿ ತಿಂದ್ವಿ, ನಕ್ಕ ನಕ್ಕ ಅವಗ ಠಸಕಿ ಹತ್ತಿತು. ಜಲ್ಮದಾಗ ಇಂಥಾ ಮಜಾಕ ಮಾಡಿರಲಿಲ್ಲ ಅಂದ್ಕೊಂಡೆ. ಚೊಕ್ಕ ಇದ್ದದ್ದು ಕಲ್ಯಾಣಪ್ಪನ ಎಳಿ. ನಂದ ಯಾರೂ ನೋಡಿಲ್ಲ.

ನಿನ್ನ ಲಗ್ನದ ಸಲುವಾಗಿ ಮಾಡಿದೆ ಅಂತ ಅವಗ ಹೇಳಿದೆ. ನನಗೂ ಅದನ್ನೇ ಹೇಳ್ಕೊಂಡೆ. ಪೂರಾ ಖರೆ ಅಲ್ಲ ಅದು. ಅವತ್ತಿಗಾಗ್ಲೇ ಈ ಕಿರಿಬೆರಳ ಒಂದೊಂದ ಸಲ ತಾನೇ ಜಿಗೀತಿತ್ತು. ಕಾಗದದ ಮ್ಯಾಲ ಅದರ ಎಣಿಕಿ ನೋಡೋ ಧೈರ್ಯ ನನಗ ಆಗಲಿಲ್ಲ. ಆವಾಗಿಂದ ನಕಲ ಜಾಸ್ತಿ ಮಾಡಾಕತ್ತೆ. ಮಂದಿ ನಗಲಿ, ಯಾವುದು ನಕಲ ಯಾವುದು ಅಸಲ ಯಾರಿಗೂ ತಿಳಿಬಾರದು ಅಂತ. ಎಲ್ಲರೂ ನಕ್ರು. ನಿನ್ನ ಹೊಟ್ಟ್ಯಾಗ ಒಂದ ಜೀವ ಬಂದು, ನಾ ಕೊಟ್ಟ ಸುಳ್ಳ ಕಾಗದ ಹಿಡದು ಅದರ ಸಲುವಾಗಿ ನೀ ದವಾಖಾನ್ಯಾಗ ನಿಲ್ತಿ ಅಂತ ನನಗ ಹೊಳೀಲಿಲ್ಲವಾ. ಇಷ್ಟ ಸಂಶಯದ ಮನಶ್ಯಾಗ ಅದೊಂದ ಹೊಳೀಲಿಲ್ಲ.

ಅಳಬ್ಯಾಡ. ನಿನಗ ಬಂದೈತಿ ಅಂತಲ್ಲ. ನಾಣ್ಯ ನಿನ್ನ ಪಾಲಿಗೂ ಹೊಸದಾಗಿ ಹಾರೈತಿ. ಆದ್ರ ಅದ ಹೆಂಗ ಬಿದ್ದೈತಿ ಅಂತ ನೀ ಕಣ್ಣ ತೆರದ ನೋಡ್ತಿಯೋ, ನೋಡಂಗಿಲ್ಲ ಅಂತಿಯೋ, ಅದ ನಿನಗ ಬಿಟ್ಟದ್ದು. ನಾ ನಿನ್ನ ಕಣ್ಣ ಕಟ್ಟಿದ್ದೆ. ಬಿಚ್ಚೀನಿ.

ಎರಡ ಗಂಟೆಕ್ಕ ಒಂದ ಎಸ್‌ಟಿ ಐತಲ್ಲ ಸೋಲಾಪುರಕ್ಕ? ನನ್ನ ಪಟಕಾ ಕೊಡು. ಕೈ ಒರಸಬ್ಯಾಡ, ಇರ್ಲಿ ಹಳದಿ. ಎಡಗೈನೋ ಬಲಗೈನೋ, ಅವರು ಯಾವುದ ಕೇಳ್ತಾರ ಅದನ್ನ ಚಾಚತೀನಿ. ಈ ಸಲ ನಂದ.